ಸುಡದ ಬಟ್ಟೆ, ಯಾವ ಗಾಳಿಯಲ್ಲಿ?

ಪೊಟ್ಯಾಸಿಯಂ ಪರ್ಮಾಂಗನೇಟನ್ನು ಪ್ರನಾಳದಲ್ಲಿ ಕಾಯಿಸಿ, ಅದರ ಬಾಯಿಗೆ ಊದುಬತ್ತಿಯ ಕೆಂಡ ಹಿಡಿದರೆ ಕೆಂಡ ಧಗ್ಗನೆ ಹೊತ್ತಿಕೊಳ್ಳುತ್ತದೆ. ಹೈಸ್ಕೂಲು ಕಲಿತವರೆಲ್ಲ ಬಲ್ಲ ಪ್ರಯೋಗ. ಆಮ್ಲಜನಕ ತಾನು ಉರಿಯುವುದಿಲ್ಲ. ಉರಿಯುವ ವಸ್ತುವಿಗೆ ಒತ್ತಾಸೆಯಾಗುತ್ತದೆ. ನಮ್ಮ ಗಾಳಿಯಲ್ಲಿ ಅದು ಶೇ. 21 ಮಾತ್ರ. ಉಳಿದದ್ದು ಬಹುತೇಕ ಸಾರಜನಕ. ಅದು ಬೆಂಕಿಯ ಶಾಖ ಹೀರುತ್ತ ಕಡಿವಾಣ ಹಾಕಿರುತ್ತದೆ.

ಆ ಕಡಿವಾಣ ತೆಗೆದರೆ ಏನಾದೀತೆಂದು ಅಮೆರಿಕ 1967ರ ಜನವರಿ 27ರಂದು ಕಂಡಿತು. ಅಪೊಲೊ-1 ನೌಕೆಯ ತಾಲೀಮು, ಅದೂ ನೆಲದ ಮೇಲೆಯೇ. ಒಳಗೆ ಶುದ್ಧ ಆಮ್ಲಜನಕ, ಹೊರಗಿನ ಗಾಳಿಗಿಂತ ತುಸು ಹೆಚ್ಚಿನ ಒತ್ತಡದಲ್ಲಿ. ಎಲ್ಲೋ ಒಂದು ಕಿಡಿ ಹಾರಿತು. ನೈಲಾನ್ ಬಲೆ, ವೆಲ್ಕ್ರೊ ಪಟ್ಟಿ ಎಲ್ಲವೂ ಕ್ಷಣಾರ್ಧದಲ್ಲಿ ಹೊತ್ತಿಕೊಂಡವು. ಒಳಮುಖವಾಗಿ ತೆರೆಯುವ ಬಾಗಿಲು ಒತ್ತಡಕ್ಕೆ ಬಿಗಿದುಕೊಂಡಿತು. ಗ್ರಿಸಮ್, ವೈಟ್, ಚಾಫಿ ಮೂವರೂ ಅಸುನೀಗಿದರು.

ಆಮೇಲೆ ಬಾಗಿಲು ಬದಲಾಯಿತು. ನೈಲಾನ್ ಹೊರ ಉಡುಪಿನ ಜಾಗಕ್ಕೆ ಗಾಜಿನ ನೂಲಿನಲ್ಲಿ ನೇಯ್ದು ಟೆಫ್ಲಾನ್ ಲೇಪಿಸಿದ ಬಟ್ಟೆ ಬಂತು. ವಸ್ತುಗಳ ಪರೀಕ್ಷೆಯೂ ಕಟ್ಟುನಿಟ್ಟಾಯಿತು. ನಾಸಾದ ಪರೀಕ್ಷೆ ನೋಡಲು ಬಲು ಸರಳ: ಸುಮಾರು 30 ಸೆಂ.ಮೀ. ಉದ್ದದ ತುಂಡನ್ನು ನೆಟ್ಟಗೆ ನಿಲ್ಲಿಸಿ ಬುಡಕ್ಕೆ ಬೆಂಕಿ ಕೊಡುವುದು. ಬೆಂಕಿ ಮೇಲಕ್ಕೇ ಬೇಗ ಓಡುತ್ತದಲ್ಲವೇ? 15 ಸೆಂ.ಮೀ. ಏರುವುದರೊಳಗೆ ಅದು ತಾನಾಗಿ ಆರಬೇಕು. ಉರಿವ ಹನಿ ಉದುರಿ ಕೆಳಗಿಟ್ಟ ಕಾಗದಕ್ಕೆ ತಗಲಬಾರದು. ಮುಖ್ಯ ಷರತ್ತು ಇನ್ನೊಂದಿದೆ. ನೌಕೆಯಲ್ಲಿ ಆಮ್ಲಜನಕ ಎಷ್ಟು ಏರಬಹುದೋ ಅಷ್ಟರಲ್ಲೇ ಪರೀಕ್ಷೆ ಆಗಬೇಕು. ಶೇ. 21ರಲ್ಲಿ ಪಾಸಾದ ವಸ್ತು ಶೇ. 30ರಲ್ಲಿ ನಪಾಸಾಗಬಹುದು. ಗಾಳಿಯ ಲೆಕ್ಕ ಹೇಳದೆ ‘ಇದು ಸುಡುವುದಿಲ್ಲ’ ಎನ್ನುವುದು ಅರ್ಧ ಮಾತು.

ನಮ್ಮ ಗಗನಯಾನಕ್ಕೆಂದು ಬೆಂಗಳೂರಿನಲ್ಲಿ 2019ರಲ್ಲಿ ಪ್ರತ್ಯೇಕ ಕೇಂದ್ರವೇ ಆರಂಭವಾಯಿತು. ಆ ನೌಕೆಯ ವಿನ್ಯಾಸದಲ್ಲಿ ಯಾನಿಗಳಿಗೆ ಭೂಮಿಯಂಥದೇ ವಾತಾವರಣವಿದೆ. ಜಾಣತನದ ಆಯ್ಕೆ ಎಂದು ನನ್ನೆಣಿಕೆ.

ಆಕಾಶಕ್ಕೆ ಹೋಗದವರಿಗೂ ಈ ಲೆಕ್ಕ ಬೇಕು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಗ್ಯಾಸ್ ವೆಲ್ಡಿಂಗ್ ಅಂಗಡಿಗಳಲ್ಲಿ ದುಡಿಯುವ ಹುಡುಗರೇ, ಅಂಗಿಯ ಧೂಳು ಹಾರಿಸಲು ಆಮ್ಲಜನಕದ ಪೈಪು ಹಿಡಿಯಬೇಡಿ. ಹತ್ತಿಯ ನೂಲಿನ ಸಂದಿಯಲ್ಲಿ ಅದು ಅಡಗಿ ಕೂಡುತ್ತದೆ. ಆಗ ಒಂದು ಬೀಡಿಯ ಕಿಡಿ ಸಾಕು. ರೆಗ್ಯುಲೇಟರ್ ಬಿಗಿಯಾಯಿತೆಂದು ಎಣ್ಣೆ, ಗ್ರೀಸು ಹಚ್ಚಲೇಬೇಡಿ. ಬಟ್ಟೆಗೆ ಆಮ್ಲಜನಕ ತಾಗಿದ್ದರೆ, ಬೆಂಕಿಯ ಹತ್ತಿರ ಸುಳಿಯದೆ ಕನಿಷ್ಠ 15 ನಿಮಿಷ ಬಯಲ ಗಾಳಿಯಲ್ಲಿ ನಿಲ್ಲಿ.