ಕಪ್ಪು ಮಲವನ್ನು ಮೂಲವ್ಯಾಧಿ ಎಂದು ಸುಮ್ಮನಾಗಬೇಡಿ



ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಶುರುಮಾಡಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಸಿಬ್ಬಂದಿ ಮನೆಬಾಗಿಲಿಗೇ ಬಂದು ಸಕ್ಕರೆ, ಬಿ.ಪಿ. ನೋಡುತ್ತಾರೆ. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಅದರಲ್ಲಿದೆ. ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಹೊಟ್ಟೆಯೊಳಗೆ ಅಡಗಿ ಬೆಳೆಯುವ ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಪೂರಾ ಮರೆತಿರುವುದು ಸರಿಯಲ್ಲ. ಗೋವಾ ಮುಖ್ಯಮಂತ್ರಿಯಾಗಿದ್ದ ಮನೋಹರ ಪರ್ರೀಕರ್ 2019ರ ಮಾರ್ಚ್‌ನಲ್ಲಿ ತೀರಿಕೊಂಡದ್ದು ಇದೇ ಕಾಯಿಲೆಯಿಂದ.

ಈ ಗ್ರಂಥಿ ಇರುವುದು ಜಠರದ ಹಿಂದೆ. ಅಲ್ಲಿನ ಗಡ್ಡೆ ಕೆಲವರಲ್ಲಿ ಸಣ್ಣಕರುಳಿನ ಮೊದಲ ಭಾಗವನ್ನೇ ಕೊರೆದು ರಕ್ತ ಸುರಿಸುತ್ತದೆ. ಇನ್ನು ಕೆಲವರಲ್ಲಿ ಗುಲ್ಮದಿಂದ ಬರುವ ರಕ್ತನಾಳವನ್ನು ಅದುಮಿಬಿಡುತ್ತದೆ. ಆಗ ಜಠರದ ಗೋಡೆಯ ನಾಳಗಳು ಉಬ್ಬಿ ಒಡೆಯುತ್ತವೆ. ಹೀಗಾಗುವುದು ಅಪರೂಪ, ಆದರೆ ಆದಾಗ ಜೀವಕ್ಕೇ ಕುತ್ತು. ಕರುಳಿನಲ್ಲಿ ಇಳಿದುಬರುವಷ್ಟರಲ್ಲಿ ಆ ರಕ್ತ ಜೀರ್ಣವಾಗಿ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ನಾತದಿಂದ ಕೂಡಿರುತ್ತದೆ. ಮೂಲವ್ಯಾಧಿಯ ರಕ್ತ ಕೆಂಪಗಿರುತ್ತದೆ. ಇಷ್ಟು ವ್ಯತ್ಯಾಸ ಗೊತ್ತಿಲ್ಲದೆ ನಮ್ಮ ಕಡೆ ಎಷ್ಟೋ ಜನ ‘ಉಷ್ಣ ಆಗಿದೆ’, ‘ಗ್ಯಾಸ್ಟ್ರಿಕ್’ ಎಂದು ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ದಿನ ದೂಡುತ್ತಾರೆ. ನನ್ನ ಸೋದರಮಾವನೂ ಹಾಗೇ ಮಾಡಿದರು. ತಲೆಸುತ್ತಿ ಬಿದ್ದ ಮೇಲೆ ಮೈಸೂರಿಗೆ ಕರೆದೊಯ್ದೆವು. ಅಷ್ಟರಲ್ಲಿ ತಡವಾಗಿತ್ತು.

ಊರವರೆಲ್ಲರಿಗೂ ಸ್ಕ್ಯಾನ್ ಮಾಡಿಸಿ ಎಂದು ನಾನು ಕೇಳುತ್ತಿಲ್ಲ. ಅದು ವೈದ್ಯರೂ ಒಪ್ಪುವ ಮಾತಲ್ಲ. ಐವತ್ತು ದಾಟಿದವರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದು, ಜೊತೆಗೆ ತೂಕವೂ ಇಳಿಯುತ್ತಿದ್ದರೆ ಅದು ಈ ಕ್ಯಾನ್ಸರಿನ ಸುಳಿವಾಗಿರಬಹುದು. ಸಕ್ಕರೆ ಅಳೆಯುವ ಆ ಸಿಬ್ಬಂದಿಯೇ ‘ಬಟ್ಟೆ ಸಡಿಲವಾಗಿದೆಯೇ? ಮಲ ಕಪ್ಪಗಾಗಿದೆಯೇ? ಕಬ್ಬಿಣದ ಮಾತ್ರೆ ತಗೋತಿದ್ದೀರಾ?’ ಎಂದು ಕೇಳಲಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದರಿಂದ ಕೊನೆಯ ಪ್ರಶ್ನೆಯನ್ನು ಬಿಡುವಂತಿಲ್ಲ. ಅನುಮಾನ ಬಂದವರನ್ನು ಎಂಡೋಸ್ಕೋಪಿ, ಸಿ.ಟಿ. ಸ್ಕ್ಯಾನ್‌ಗೆ ಚೀಟಿ ಬರೆದು ಕಳಿಸಲಿ.

ಬೀಡಿ, ಸಿಗರೇಟು ಸೇದುವವರಿಗೆ ಈ ಕ್ಯಾನ್ಸರಿನ ಅಪಾಯ ಸುಮಾರು ಎರಡು ಪಟ್ಟು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆ ಹೊಗೆಸೊಪ್ಪು ಬೆಳೆಯುವ ಸೀಮೆ. ಇಲ್ಲಿ ಈ ಮಾತು ಹೇಳುವ ಹೊಣೆ ಆರೋಗ್ಯ ಇಲಾಖೆಯ ಮೇಲೆ ಹೆಚ್ಚೇ ಇದೆ.

ರಕ್ತ ಹೋಗುತ್ತಿರುವ ರೋಗಿಗೆ ಒಂದೊಂದು ಗಂಟೆಯೂ ಲೆಕ್ಕ. ಕೆ.ಆರ್. ನಗರ, ಪಿರಿಯಾಪಟ್ಟಣದಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಹೊತ್ತಿನಲ್ಲೂ ರಕ್ತ ಸಿಗುವ ಏರ್ಪಾಡು ಮೊದಲು ಆಗಬೇಕು, ವಾರದಲ್ಲಿ ಒಂದೆರಡು ದಿನವಾದರೂ ಎಂಡೋಸ್ಕೋಪಿ ನಡೆಯಬೇಕು. ಸಂಕ್ರಾಂತಿ ಹೊತ್ತಿನ ನಮ್ಮ ಚುಂಚನಕಟ್ಟೆ ದನಗಳ ಜಾತ್ರೆಗೆ ಸುತ್ತಿನ ತಾಲ್ಲೂಕುಗಳ ರೈತರೆಲ್ಲ ಬರುತ್ತಾರೆ. ಇಲಾಖೆಯವರು ಮುಂದಿನ ಜಾತ್ರೆಯಲ್ಲೇ ಒಂದು ಮಳಿಗೆ ಹಾಕಿ ಈ ಪ್ರಶ್ನೆಗಳನ್ನು ಕೇಳಲು ಶುರುಮಾಡಲಿ.

– ಓದುಗ, ಚುಂಚನಕಟ್ಟೆ