ಎರಡೂವರೆ ಸಾವಿರ ರೂಪಾಯಿಯ ಹೊಗೆ

ಹೌದು, ನಾನು ಸಿಗಾರ್ ಸೇದಿದೆ. ಮಕ್ಕಳಿಗೆ ಪಾಠ ಹೇಳುವ ಹೆಂಗಸು ಹೀಗೆ ಮಾಡಬಹುದೇ ಎಂದು ಹುಬ್ಬೇರಿಸುವವರು ಏರಿಸಲಿ, ನನ್ನ ಮಾತು ಮುಗಿಯುವವರೆಗೆ ಅದು ಅಲ್ಲೇ ಇರಲಿ.

ದೇವನಹಳ್ಳಿಯಲ್ಲಿ ಅಕ್ಕನ ಮಗನ ಗೃಹಪ್ರವೇಶ. ಅವನು ಯಾವುದೋ ವಿಮಾನ ನಿಲ್ದಾಣದಲ್ಲಿ ಕೊಂಡ ಕ್ಯೂಬಾದ ಸಿಗಾರ್ ಡಬ್ಬಿ ಎರಡು ವರ್ಷ ಹಳೇ ಮನೆಯ ಶೋಕೇಸಿನಲ್ಲಿ ಗಾಜಿನ ಗೊಂಬೆಗಳ ಪಕ್ಕ ಕೂತಿತ್ತು. ಬಂದವರಿಗೆಲ್ಲ ತೋರಿಸುವುದು, ಒಂದಕ್ಕೆ ಎರಡೂವರೆ ಸಾವಿರ ಎನ್ನುವುದು. ಊಟವಾದ ಮೇಲೆ ಗಂಡಸರು ಮಹಡಿಯಲ್ಲಿ ಸೇರಿ ಅದನ್ನು ಬಿಚ್ಚಿದರು. ತುದಿ ಕತ್ತರಿಸಲು ನಮ್ಮ ಅಡಕತ್ತರಿಯ ತಂಗಿಯಂಥದೊಂದು ಸಾಧನ ಬೇರೆ. ಕಾಫಿ ಕೊಡಲು ಹೋಗಿದ್ದ ನಾನು "ನನಗೂ ಒಂದು ಕೊಡಪ್ಪ" ಎಂದೆ. ಎಲ್ಲರೂ ಗಪ್‌ಚಿಪ್. "ನಿನಗ್ಯಾಕಮ್ಮ ಇದೆಲ್ಲ?" ಎಂದು ಭಾವ ನಕ್ಕರು. ಹುಡುಗ ಸಂಕೋಚದಿಂದಲೇ ಹಚ್ಚಿಕೊಟ್ಟ. "ಚಿಕ್ಕಮ್ಮ, ಹೊಗೆ ಒಳಗೆ ಎಳ್ಕೋಬೇಡಿ, ಬಾಯಲ್ಲೇ ಆಡಿಸಿ ಬಿಡಬೇಕು."

ಆಡಿಸಿದೆ. ಸುಟ್ಟ ಗೋಣಿತಾಟಿನ ರುಚಿ. ಮೇಲಿನ ಎಲೆ ಒಣಗಿದ ಬಾಳೆಪಟ್ಟೆಯಂತೆ ಸಿಡಿದು ತುಟಿಗೆ ಅಂಟಿತು. ಮೂರು ಸಲ ಆರಿತು. ತೇವ ಹಿಡಿದಿಡುವ ಮರದ ಪೆಟ್ಟಿಗೆಯಲ್ಲಿಡಬೇಕಿತ್ತು, ಒಣಗಿ ಕಹಿಯಾಗಿದೆ ಎಂದು ಯಾರೋ ಸಮಾಧಾನ ಹೇಳಿದರು. ನನಗೆ ನಿರಾಸೆಯಾದದ್ದು ರುಚಿಗಲ್ಲ. ಆ ವಾಸನೆ ನನಗೆ ಗೊತ್ತಿತ್ತು. ಅದು ನಮ್ಮಮ್ಮನ ಎಲೆಯಡಿಕೆ ಚೀಲದ ವಾಸನೆ.

ಅಮ್ಮನೂ ಹೊಗೆ ಎಳೆದವಳಲ್ಲ. ಒಂದು ಎಸಳು ಹೊಗೆಸೊಪ್ಪಿಗೆ ಸುಣ್ಣ ತೀಡಿ ದವಡೆಗೆ ಇಟ್ಟುಕೊಂಡರೆ ಒಂದು ಹೊತ್ತಿನ ಹಸಿವು ಮುಂದಕ್ಕೆ ಹೋಗುತ್ತಿತ್ತು. 1996ರಲ್ಲಿ ಅದೇ ದವಡೆಯ ಹುಣ್ಣು ಹಿಡಿದುಕೊಂಡು ಕಿದ್ವಾಯಿ ಆಸ್ಪತ್ರೆಗೆ ಅಲೆದೆವು. ಅವಳು ಉಳಿಯಲಿಲ್ಲ. "ಹಳ್ಳಿ ಹೆಂಗಸರ ಕೆಟ್ಟ ಚಟ" ಎಂದು ಸಾವಿನ ಮನೆಯಲ್ಲೇ ಅಂದವರಲ್ಲಿ ಇಬ್ಬರು ಈಗ ಮಹಡಿಯ ಮೇಲಿದ್ದರು, ಕೈಯಲ್ಲಿ ಸಿಗಾರ್.

ಒಳಗೆ ಎಳೆಯದಿದ್ದರೆ ಏನೂ ಆಗದು ಎಂಬುದು ಶುದ್ಧ ಸುಳ್ಳು. ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಇಳಿಯುತ್ತದೆ. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿಗೆ ಸಿಗಾರ್ ಕೂಡ ದಾರಿ. 2003ರ ತಂಬಾಕು ಕಾಯ್ದೆ ಬೀಡಿ, ಸಿಗಾರ್, ಜಗಿಯುವ ಹೊಗೆಸೊಪ್ಪು ಎಲ್ಲವನ್ನೂ ಒಂದೇ ಪಟ್ಟಿಯಲ್ಲಿಟ್ಟಿದೆ. ಪಂಕ್ತಿಭೇದ ನಮ್ಮದು. ದೊಡ್ಡಬಳ್ಳಾಪುರದ ಮಗ್ಗದ ಕೆಲಸದವನು ಜಗಲಿಯಲ್ಲಿ ಬೀಡಿ ಹಚ್ಚಿದರೆ "ಆಚೆ ಹೋಗಯ್ಯ" ಎನ್ನುತ್ತೇವೆ. ಸಿಗಾರಿನವನಿಗೆ, ಬೆಳಿಗ್ಗೆ ಹೋಮವಾದ ಮನೆಯಲ್ಲೇ, ಬೂದಿ ಉದುರಿಸಲು ಅಕ್ಕ ಬೆಳ್ಳಿ ತಟ್ಟೆ ತಂದಿಟ್ಟಳು. ನೀವೂ ತಂದಿಡುತ್ತೀರಿ, ಇಲ್ಲವೆನ್ನಬೇಡಿ. ಸಣ್ಣ ಬಟ್ಟಲನ್ನಾದರೂ ತಂದಿಡುತ್ತೀರಿ. ಮಂಗಳೂರು, ಪುತ್ತೂರು ಕಡೆಯ ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು, ಎಣಿಕೆಯ ಕೂಲಿಗೆ ಬೀಡಿ ಕಟ್ಟುತ್ತಾರಲ್ಲ, ಆ ಎರಡೂವರೆ ಸಾವಿರ ದುಡಿಯಲು ಅವರ ಬೆರಳು ಎಷ್ಟು ಸಾವಿರ ಸಲ ಮಡಚಬೇಕು ಎಂದು ಭಾವನನ್ನು ಕೇಳಿದೆ. "ಹಬ್ಬದ ದಿನ ಇದೆಲ್ಲ ಯಾಕೆ" ಎಂದರು.

ನನ್ನ ಅರ್ಧ ಸಿಗಾರನ್ನು ಬೆಳ್ಳಿ ತಟ್ಟೆಯಲ್ಲೇ ಬಿಟ್ಟು ಕೆಳಗಿಳಿದೆ. ಉಳಿದ ಮೂರು ಹೊಸ ಶೋಕೇಸ್ ಸೇರಿವೆ. ಶುಕ್ರವಾರಕ್ಕೊಮ್ಮೆ ಅಕ್ಕ ಧೂಳು ಒರೆಸುತ್ತಾಳಂತೆ.