ತೆರಿಗೆ ನಮ್ಮದು, ಗಾಡಿ ಯಾರದು?



ಫೋನಿನ ಮೇಲೆ ಇನ್ನೊಂದಿಷ್ಟು ತೆರಿಗೆ ಹಾಕಲಿ, ಆ ದುಡ್ಡಲ್ಲಿ ಹೋಬಳಿಗೊಂದು ಆಂಬುಲೆನ್ಸು, ತುರ್ತು ಕರೆ ತಗೊಳ್ಳೋ ಕಚೇರಿ ನಡೆಯಲಿ ಎಂಬ ಮಾತು ಹಾಸ್ಟೆಲುಗಳ ಚರ್ಚೆಯಲ್ಲಿ ಕೇಳಿಬರುತ್ತಿದೆ. ಕೇಳೋದಕ್ಕೆ ಒಳ್ಳೆಯ ಮಾತೇ. ಅಮೆರಿಕದಲ್ಲಿ 911 ನಂಬರಿನ ಖರ್ಚಿಗೆ ಫೋನ್ ಬಿಲ್ಲಿನ ಮೇಲೆ ಶುಲ್ಕ ಹಾಕುತ್ತಾರೆ. ಆದರೆ ಕೈ ಎತ್ತುವ ಮೊದಲು ಲೆಕ್ಕ ಕೇಳೋಣ. ದಿಲ್ಲಿಯ ಬೊಕ್ಕಸಕ್ಕೂ ಪ್ರಾಂತದ ಬೊಕ್ಕಸಕ್ಕೂ ಹಣ ಹೇಗೆ ಹಂಚಿಕೆಯಾಗುತ್ತದೆ ಎಂಬುದರ ಮೇಲೆ 1925ರಷ್ಟು ಹಿಂದೆಯೇ ಪುಸ್ತಕ ತಂದ ಬಾಬಾಸಾಹೇಬರ ಮಕ್ಕಳು ನಾವು.

ತೆರಿಗೆಯನ್ನು ನಾವು ಈಗಾಗಲೇ ಕಟ್ಟುತ್ತಿದ್ದೇವೆ. 2017ರ ಜುಲೈ 1ರಿಂದ ಫೋನಿನ ಮೇಲೆ ಜಿಎಸ್‌ಟಿ ಶೇ. 18. ಅದಕ್ಕೂ ಹಿಂದೆ ಇದ್ದದ್ದು ಶೇ. 15. 299 ರೂಪಾಯಿ ರೀಚಾರ್ಜಿನಲ್ಲಿ 45 ರೂಪಾಯಿ ಸರ್ಕಾರದ್ದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ನಮ್ಮವ್ವನಿಗೂ 45, ಗಾದಿ ಮೇಲೆ ಕೂತ ದಲಾಲನಿಗೂ 45. 2024ರ ಜುಲೈನಲ್ಲಿ ಕಂಪನಿಗಳು ದರ ಏರಿಸಿದವು. ದರದ ಬೆನ್ನಿಗೆ ತೆರಿಗೆಯೂ ತಾನಾಗೇ ಏರಿತು. ಇದರ ಮೇಲೆ ಇನ್ನೊಂದು ತೆರಿಗೆ ಹಾಕಿದರೂ ಬೀಳೋದು ಅದೇ ಕೂಲಿಯ ಬೆನ್ನ ಮೇಲೆ.

ಇನ್ನೊಂದು ಗಂಟೂ ಇದೆ. ಹಳ್ಳಿಗಾಡಿಗೆ ಫೋನ್ ಮುಟ್ಟಿಸುತ್ತೇವೆಂದು 2002ರಿಂದ ಕಂಪನಿಗಳ ಆದಾಯದಲ್ಲಿ ಶೇ. 5ರಷ್ಟನ್ನು ಕೇಂದ್ರ ವಸೂಲಿ ಮಾಡುತ್ತ ಬಂದಿದೆ. ವರ್ಷವರ್ಷವೂ ಅದರಲ್ಲಿ ದೊಡ್ಡ ಪಾಲು ಖರ್ಚಾಗದೆ ಉಳಿಯಿತು. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ 'ಡಿಜಿಟಲ್ ಭಾರತ್ ನಿಧಿ' ಎಂದು ಹೊಸ ಹೆಸರಿಟ್ಟಿತು. ಹೆಸರು ಬದಲಾಯಿಸಿ ಸುಮ್ಮನಾಗೋದನ್ನು ನಾವು ನೋಡದೇ ಇರೋದೇನಲ್ಲ.

ಹೊಸ ಸೆಸ್ ಬಂದರೆ ಏನಾಗುತ್ತೆ? ಕೇಂದ್ರದ ಸೆಸ್ಸಿನಲ್ಲಿ ರಾಜ್ಯಗಳಿಗೆ ಪಾಲು ಕೊಡಬೇಕಾಗಿಲ್ಲ. ಐರಣಿಯಿಂದ ಹೋದ ರೂಪಾಯಿ ಐರಣಿಗೆ ತಿರುಗಿ ಬರಲೇಬೇಕೆಂಬ ಕಟ್ಟಲೆಯೂ ಇಲ್ಲ. ನ್ಯೂಯಾರ್ಕ್, ನ್ಯೂಜೆರ್ಸಿ ರಾಜ್ಯಗಳು 911ರ ಹೆಸರಲ್ಲಿ ಎತ್ತಿದ ಹಣವನ್ನು ಬೇರೆ ಖರ್ಚಿಗೆ ತಿರುಗಿಸಿದ್ದನ್ನು ಅಲ್ಲಿನ ಸಂಪರ್ಕ ಆಯೋಗವೇ ಮತ್ತೆ ಮತ್ತೆ ವರದಿ ಮಾಡಿದೆ. ಅಷ್ಟು ದೂರ ಯಾಕೆ? ಪರಿಶಿಷ್ಟರ ಉಪಯೋಜನೆ ಹಣಕ್ಕೆ 2013ರಲ್ಲಿ ನಮ್ಮ ರಾಜ್ಯದಲ್ಲೇ ಕಾಯ್ದೆ ಬಂತು. ಆ ಹಣ ಎಲ್ಲೆಲ್ಲಿಗೋ ಹರಿಯಲು ದಾರಿ ಮಾಡಿಕೊಟ್ಟ 7ಡಿ ಕಲಮನ್ನು ಕಿತ್ತುಹಾಕಲು 2023 ಬರಬೇಕಾಯಿತು. ಅದಾದ ಮೇಲೂ ಗ್ಯಾರಂಟಿ ಯೋಜನೆಗಳಿಗೆ ಅದೇ ಗಂಟಿಗೆ ಕೈ ಹಾಕಿದರು.

ಹಾಗಾದರೆ ಗಾಡಿ ಬೇಡವೇ? ಬೇಕು. ಎಲ್ಲರಿಗಿಂತ ಹೆಚ್ಚಾಗಿ ನಮಗೇ ಬೇಕು. ಚಳಗೇರಿಯಲ್ಲಿ ಟೋಲ್ ಕಟ್ಟಿ ಹೋಗುವ ಕಾರಿಗೆ ಹೆದ್ದಾರಿಯ 1033 ಇದೆ. ಹೆದ್ದಾರಿ ಬಿಟ್ಟು ತುಂಗಭದ್ರೆಯ ದಂಡೆಯ ಐರಣಿಗೆ, ಅಲ್ಲಿಂದ ಊರು ದಾಟಿ ಕೇರಿಗೆ? 2008ರ ನವೆಂಬರ್ 1ರಂದು ರಾಜ್ಯಕ್ಕೆ ಬಂದ 108 ಎಷ್ಟೋ ಬಾಣಂತಿಯರನ್ನು ಉಳಿಸಿದೆ, ಸುಳ್ಳು ಹೇಳೋದು ಬೇಡ. ಆದರೆ ಅದನ್ನು ಓಡಿಸುವವರೇ ಬಾಕಿ ಸಂಬಳಕ್ಕಾಗಿ ಬೀದಿಗಿಳಿದಿದ್ದಾರೆ. ಕರೆ ಮಾಡಿದರೆ "ಎಲ್ಲೈತ್ರಿ ನಿಮ್ಮ ಓಣಿ?" ಅಂತಾರೆ. ಓಣಿಗೆ ಬೋರ್ಡಿಲ್ಲ, ನಕಾಶೆಯಲ್ಲಿ ಹೆಸರಿಲ್ಲ. ಕೊನೆಗೆ ಗೌಡರ ಮನಿ ಗುರುತೇ ಹೇಳಬೇಕು. ಹೊಡೆದವರು ಗೌಡರ ಮನೆಯವರೇ ಆಗಿದ್ದರೆ?

ಅದಕ್ಕೇ ತುರ್ತು ಅಂದರೆ ನಮಗೆ ಬರೀ ಎದೆನೋವಲ್ಲ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿದ್ದದ್ದು 2014ರ ಆಗಸ್ಟ್ 28ರಂದು. ಕೊಪ್ಪಳದ ನ್ಯಾಯಾಲಯ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರ್‌ನಲ್ಲಿ. ತೀರ್ಪಿಗೆ ಹತ್ತು ವರ್ಷ ಕಾಯಬಹುದು, ಬೆಂಕಿ ಹತ್ತು ನಿಮಿಷ ಕಾಯೋದಿಲ್ಲ. ದೌರ್ಜನ್ಯದ ದೂರಿಗೆಂದು 2021ರ ಡಿಸೆಂಬರ್‌ನಲ್ಲಿ 14566 ಎಂಬ ನಂಬರು ಬಂತು. ನಿಮ್ಮ ಹಾಸ್ಟೆಲಿನಲ್ಲಿ ಎಷ್ಟು ಜನಕ್ಕೆ ಅದು ಬಾಯಿಪಾಠ ಐತಿ, ಇವತ್ತು ರಾತ್ರಿ ಕೇಳಿ ನೋಡಿ.

ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಕರಿಯರ ಕೇರಿಗೆ ರೋಗಿ ಸಾಗಿಸಲು ಬರುತ್ತಿದ್ದದ್ದು ಪೊಲೀಸ್ ವ್ಯಾನು. 1967ರಲ್ಲಿ ಆ ಕೇರಿಯ ನಿರುದ್ಯೋಗಿ ಹುಡುಗರೇ ತರಬೇತಿ ಪಡೆದು 'ಫ್ರೀಡಂ ಹೌಸ್' ಆಂಬುಲೆನ್ಸ್ ಕಟ್ಟಿದರು. ಉಸಿರು ಕೊಡುವುದನ್ನು, ದಾರಿಯಲ್ಲೇ ಚಿಕಿತ್ಸೆ ಮಾಡುವುದನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟರು. 1975ರಲ್ಲಿ ನಗರಾಡಳಿತ ಅದನ್ನು ಮುಚ್ಚಿಸಿತು. ಎರಡು ಪಾಠ: ಕೇರಿಯ ಕೈಗೆ ಆ ಕೆಲಸ ಬರುತ್ತೆ, ಹಣದ ಚೀಲ ಇನ್ನೊಬ್ಬನ ಕೈಯಲ್ಲಿದ್ದರೆ ಉಳಿಯೋದಿಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು. ರೀಚಾರ್ಜಿನ ಮೇಲೆ ಹೊಸ ತೆರಿಗೆ ಬೇಡ. ಈಗಾಗಲೇ ಎತ್ತಿದ ನಿಧಿಯಿಂದ ತುರ್ತು ಸೇವೆಗೆ ಪಾಲು ಕೊಡಲಿ. ಕಾನೂನು ಅಡ್ಡ ಬಂದರೆ ಕಾನೂನು ತಿದ್ದಲಿ. ಕೇರಿಗಳಿಗೆ ಬೋರ್ಡು ಹಾಕಿ, ನಕಾಶೆಯಲ್ಲಿ ಹೆಸರು ಸೇರಿಸಲಿ. ಕರೆ ಬಂದ ಹೊತ್ತು, ಗಾಡಿ ಮುಟ್ಟಿದ ಹೊತ್ತು ಎರಡನ್ನೂ ಗ್ರಾಮಸಭೆಯಲ್ಲಿ ಓದಲಿ. ನಮ್ಮ ಹುಡುಗ ಹುಡುಗಿಯರಿಗೆ ತರಬೇತಿಯನ್ನೂ ಕಾಯಂ ಕೆಲಸವನ್ನೂ ಕೊಡಲಿ. ಇಷ್ಟಾದ ಮೇಲೂ ದುಡ್ಡು ಸಾಲದೆ ಬಂದರೆ ಕಂಪನಿಗಳ ಲಾಭದಿಂದ ತಗೊಳ್ಳಲಿ.

ಹೊಳೆಯಾಚೆಯ ಹರಿಹರದ ಬಿ. ಕೃಷ್ಣಪ್ಪನವರು ಭೂಮಿಯನ್ನು ಭಿಕ್ಷೆಯೆಂದು ಕೇಳಲಿಲ್ಲ, ಹಕ್ಕೆಂದು ಕೇಳಿದರು. ಉಸಿರನ್ನೂ ಹಾಗೆಯೇ ಕೇಳೋಣ. ಬರುವ ಗ್ರಾಮಸಭೆಗೆ ರಜೆ ಹಾಕಿಯಾದರೂ ಊರಿಗೆ ಹೋಗಿ. ಈ ಪ್ರಶ್ನೆಗಳನ್ನು ಬರೆದು ಕೊಡಿ, ಸಹಿ ಹಾಕಿಸಿಕೊಂಡು ಬನ್ನಿ.

ಜೈ ಭೀಮ್.